ಮೈಸೂರಿನ ಮನೆ ಬಾಡಿಗೆ, ಲೀಡ್ಸ್‌ನ ಟ್ಯಾಕ್ಸ್ ರಿಟರ್ನ್

ಪ್ರಶ್ನೆ: ನಾನು ನರ್ಸ್. 2025ರ ಮೇ ಎರಡನೇ ವಾರದಲ್ಲಿ ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಬಂದೆ. ಹಿಂದೆ ಯಾವತ್ತೂ ಇಲ್ಲಿ ಇದ್ದವಳಲ್ಲ. ವರ್ಷಕ್ಕೆ ಸುಮಾರು 38,000 ಪೌಂಡ್ ಸಂಬಳ, ಟ್ಯಾಕ್ಸ್ ಸಂಬಳದಲ್ಲೇ ಕಟ್ ಆಗುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆ ಇದೆ. ಬ್ಯಾಂಕ್ ಸಾಲ ಇನ್ನೂ ತೀರಿಲ್ಲ. 2025ರ ಜುಲೈಯಿಂದ ತಿಂಗಳಿಗೆ 22,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಆ ಹಣ ಅಪ್ಪನ ಅಕೌಂಟಿಗೆ ಹೋಗುತ್ತದೆ. ಅವರ ಔಷಧಿ, ಮನೆ ಖರ್ಚು ಅದರಲ್ಲೇ ನಡೆಯುತ್ತದೆ. ಒಂದು ರೂಪಾಯಿಯೂ ಇಲ್ಲಿಗೆ ಬರುವುದಿಲ್ಲ. ಇದನ್ನು ಇಲ್ಲಿನ ಟ್ಯಾಕ್ಸ್‌ನವರಿಗೆ ಹೇಳಲೇಬೇಕಾ? ‘ದುಡ್ಡು ಇಂಡಿಯಾದಲ್ಲೇ ಇದ್ದರೆ ಬೇಡ’ ಎನ್ನುತ್ತಾರೆ ಒಬ್ಬರು. ‘ಹೊಸದಾಗಿ ಬಂದವರಿಗೆ 4 ವರ್ಷ ಪೂರ್ತಿ ಮಾಫಿ’ ಎನ್ನುತ್ತಾರೆ ಇನ್ನೊಬ್ಬರು. ಅಲ್ಲಿ ಬಾಡಿಗೆದಾರರು 31% ಟಿಡಿಎಸ್ ಹಿಡಿಯಬೇಕಂತೆ. ಎರಡು ಕಡೆ ಕಟ್ಟಿದರೆ ಉಳಿಯುವುದೇನು?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಹೇಳಬೇಕು. ಆದರೆ ಹೇಳುವುದು ಬೇರೆ, ಕಟ್ಟುವುದು ಬೇರೆ. ನೀವು ಬರೆದ ಅಂಕಿಗಳಿಗೆ ಖರ್ಚು, ಬಡ್ಡಿಯ ಅಂದಾಜು ಸೇರಿಸಿ ಲೆಕ್ಕ ಹಾಕಿದರೆ 2025-26ರ ವರ್ಷಕ್ಕೆ ಇಲ್ಲಿ ಕಟ್ಟಬೇಕಾಗುವುದು ಸುಮಾರು 70 ಪೌಂಡ್. ಭಾರತದಲ್ಲಿ ಬಹುಶಃ ಏನೂ ಇಲ್ಲ. ಅದನ್ನು ಕೆಳಗೆ ಬಿಡಿಸಿ ತೋರಿಸುತ್ತೇನೆ. ಅದಕ್ಕೆ ಮುಂಚೆ ನೀವು ಕೇಳಿದ ಮಾತುಗಳನ್ನು ಒಂದೊಂದಾಗಿ ನೋಡೋಣ. ಎಲ್ಲದರಲ್ಲೂ ಅರ್ಧ ನಿಜ ಇದೆ. ಆ ಅರ್ಧವನ್ನು ನಂಬಿಯೇ ತುಂಬಾ ಜನ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

‘ದುಡ್ಡು ಇಂಡಿಯಾದಲ್ಲೇ ಇದ್ದರೆ ಬೇಡ’ ಅನ್ನುವುದು ಹಳೇ ಕಾಲದ ಸಲಹೆ. ಬ್ರಿಟನ್ನಿನಲ್ಲಿ ಮೊದಲು ‘ರೆಮಿಟೆನ್ಸ್ ಬೇಸಿಸ್’ ಎಂಬ ಪದ್ಧತಿ ಇತ್ತು. ಬೇರೆ ದೇಶದ ಮೂಲದವರು ಹೊರಗಿನ ಆದಾಯವನ್ನು ಇಲ್ಲಿಗೆ ತರದಿದ್ದರೆ ಅದಕ್ಕೆ ಇಲ್ಲಿ ಟ್ಯಾಕ್ಸ್ ಬೀಳದಂತೆ ನೋಡಿಕೊಳ್ಳಬಹುದಿತ್ತು. ಅಂಥ ಆದಾಯ 2,000 ಪೌಂಡಿಗಿಂತ ಕಡಿಮೆ ಇದ್ದವರಿಗೆ ಅರ್ಜಿಯ ಗೋಜೂ ಇರಲಿಲ್ಲ. ಹತ್ತು ಹದಿನೈದು ವರ್ಷದಿಂದ ಇಲ್ಲಿರುವ ನಮ್ಮವರು ಈಗಲೂ ಅದನ್ನೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಬಂದ ಕಾಲಕ್ಕೆ ಅದು ಸರಿಯಾಗಿತ್ತು. 2025ರ ಏಪ್ರಿಲ್ 6ರಿಂದ ಆ ಪದ್ಧತಿ ಹೋಯಿತು. ನೀವು ಬಂದದ್ದು ಅದಾದ ಮೇಲೆ. ಈಗ ಇಲ್ಲಿನ ನಿವಾಸಿ ಎಂದಾದರೆ ಜಗತ್ತಿನ ಯಾವ ಮೂಲೆಯ ಆದಾಯವಾದರೂ ಲೆಕ್ಕಕ್ಕೆ ಬರುತ್ತದೆ. ಅದು ಲೀಡ್ಸ್‌ಗೆ ಬಂತೋ ಮೈಸೂರಿನಲ್ಲೇ ಉಳಿಯಿತೋ ಎನ್ನುವುದು ಮುಖ್ಯವಲ್ಲ.

ಇನ್ನು ಅಪ್ಪನ ಅಕೌಂಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇದು ನಮ್ಮ ಮನೆಗಳಲ್ಲಿ ತೀರಾ ಸಹಜ. ಮಗಳು ಪರದೇಶದಲ್ಲಿ, ಮನೆ ನೋಡಿಕೊಳ್ಳುವವರು ಅಪ್ಪ, ಬಾಡಿಗೆ ಅವರ ಕೈಗೆ. ಇದರಲ್ಲಿ ತಪ್ಪು ಏನೂ ಇಲ್ಲ. ಆದರೆ ಟ್ಯಾಕ್ಸ್ ಕೇಳುವ ಪ್ರಶ್ನೆ ‘ಹಣ ಯಾರ ಅಕೌಂಟಿಗೆ ಬಂತು’ ಎಂದಲ್ಲ, ‘ಮನೆ ಯಾರದ್ದು’ ಎಂದು. ಮನೆ ನಿಮ್ಮದು, ಸಾಲ ನಿಮ್ಮದು, ಹಾಗಾಗಿ ಬಾಡಿಗೆಯೂ ನಿಮ್ಮದೇ. ನೀವು ಅದನ್ನು ಅಪ್ಪನಿಗೆ ಕೊಟ್ಟಿದ್ದೀರಿ, ಅಷ್ಟೇ. ಎರಡೂ ದೇಶಗಳಲ್ಲಿ ಇದೇ ನಿಯಮ. ಮನೆ ನಿಜವಾಗಿ ಅಪ್ಪನದೇ ಆಗಿದ್ದರೆ, ಅವರ ಹೆಸರಿನಲ್ಲೇ ಇದ್ದರೆ, ಮಾತು ಬೇರೆ ಇತ್ತು. ಆಗ ನಿಮ್ಮ ರಿಟರ್ನ್‌ನಲ್ಲಿ ಅದರ ಸುದ್ದಿಯೇ ಬರುವುದಿಲ್ಲ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ನೀವು ಈಗ ಅನಿವಾಸಿ. ನಿಮ್ಮ ಹೆಸರಿನ ಹಳೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆಯಾಗಿ, ಬದಲಿಸಬೇಕು. ಅದು ವಿದೇಶಿ ವಿನಿಮಯದ ಕಾನೂನಾದ ಫೆಮಾದ ನಿಯಮ. ಬಾಡಿಗೆ ಆ ಖಾತೆಗೆ ಬರಲಿ, ಅಲ್ಲಿಂದ ಅಪ್ಪನಿಗೆ ಪ್ರತಿ ತಿಂಗಳು ಹೋಗುವಂತೆ ಬ್ಯಾಂಕಿಗೆ ಹೇಳಿಬಿಡಿ. ಅಪ್ಪನಿಗೆ ಒಂದು ದಿನವೂ ತಡವಾಗುವುದಿಲ್ಲ. ನಾಳೆ ಯಾರು ಕೇಳಿದರೂ ತೋರಿಸಲು ನಿಮ್ಮ ಹತ್ತಿರ ಒಂದೇ ಸ್ಟೇಟ್‌ಮೆಂಟ್ ಇರುತ್ತದೆ.

ಈಗ ಎಲ್ಲರೂ ಆಸೆಪಡುವ ‘4 ವರ್ಷ ಮಾಫಿ’. ಇದು ಸುಳ್ಳಲ್ಲ. ಹಳೇ ಪದ್ಧತಿ ತೆಗೆದಾಗ ಅದರ ಜಾಗಕ್ಕೆ ಇದನ್ನು ತಂದರು. ಇಲ್ಲಿ ‘ಫಿಗ್’ ಎನ್ನುತ್ತಾರೆ, ಫಾರಿನ್ ಇನ್‌ಕಮ್ ಅಂಡ್ ಗೇನ್ಸ್ ಎಂಬುದರ ಮೊದಲ ಅಕ್ಷರಗಳು. ಸತತವಾಗಿ 10 ತೆರಿಗೆ ವರ್ಷ ಬ್ರಿಟನ್ನಿನ ನಿವಾಸಿ ಆಗಿರದೆ ಹೊಸದಾಗಿ ಬಂದವರಿಗೆ ಮೊದಲ 4 ವರ್ಷ ಹೊರದೇಶದ ಆದಾಯಕ್ಕೆ ಪೂರ್ತಿ ವಿನಾಯಿತಿ ಸಿಗುತ್ತದೆ. ಬಾಡಿಗೆಯೂ ಅದರಲ್ಲಿ ಸೇರುತ್ತದೆ. ನಿಮಗೆ ಇದು ಅನ್ವಯಿಸುತ್ತದೆ. (ಆರೇಳು ವರ್ಷದ ಹಿಂದೆ ಇಲ್ಲಿ ಎಂಎಸ್‌ಸಿ ಓದಿ ವಾಪಸ್ ಹೋಗಿ ಈಗ ಮತ್ತೆ ಬಂದವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಓದಿದ ಆ ವರ್ಷ ಅವರು ಇಲ್ಲಿನ ನಿವಾಸಿ ಎಂದೇ ಲೆಕ್ಕವಾಗಿರುತ್ತದೆ.)

ಆದರೆ ಇದು ತಾನಾಗಿ ಬರುವುದಿಲ್ಲ. ರಿಟರ್ನ್‌ನಲ್ಲಿ ಆ ಆದಾಯ ಎಷ್ಟು ಎಂದು ಬರೆದು, ವಿನಾಯಿತಿ ಬೇಕು ಎಂದು ಕೇಳಬೇಕು. ಅಂದರೆ ಹೇಳುವುದು ಇಲ್ಲಿಯೂ ತಪ್ಪುವುದಿಲ್ಲ. ಇನ್ನೊಂದು, ಕೇಳಿದ ವರ್ಷ ನಿಮ್ಮ ‘ಪರ್ಸನಲ್ ಅಲೊವೆನ್ಸ್’ ಹೋಗುತ್ತದೆ. ಅಂದರೆ ಸಂಬಳದ ಮೊದಲ 12,570 ಪೌಂಡಿಗೆ ಟ್ಯಾಕ್ಸ್ ಇಲ್ಲ ಎಂಬ ಸೌಲಭ್ಯ. 20% ದರದಲ್ಲಿ ಅದರ ಬೆಲೆ 2,514 ಪೌಂಡ್. ನಿಮ್ಮ ಬಾಡಿಗೆಗೆ ಇಲ್ಲಿ ಬೀಳುವ ಟ್ಯಾಕ್ಸ್ 70 ಪೌಂಡ್. ರೂಪಾಯಿಯಲ್ಲಿ ಹೇಳಿದರೆ, 8,000 ಉಳಿಸಲು ಹೋಗಿ 2.89 ಲಕ್ಷ ಕಳೆದುಕೊಂಡ ಹಾಗೆ. ದಯವಿಟ್ಟು ಬಾಡಿಗೆಗೋಸ್ಕರ ಆ ವಿನಾಯಿತಿ ಕೇಳಬೇಡಿ. ‘ಮಾಫಿ’ ಎಂಬ ಪದ ಕೇಳಿ, ಗುಣಿಸಿ ನೋಡದೆ ಟಿಕ್ ಹಾಕಿಬಿಡುತ್ತಾರೆ ಎನ್ನುವುದೇ ನನ್ನ ಭಯ. ವರ್ಷಕ್ಕೆ 1,25,140 ಪೌಂಡ್ ದಾಟಿ ದುಡಿಯುವವರಿಗೆ ಪರ್ಸನಲ್ ಅಲೊವೆನ್ಸ್ ಮೊದಲೇ ಸೊನ್ನೆಯಾಗಿರುತ್ತದೆ. ಅದರಲ್ಲಿ ಕಳೆದುಕೊಳ್ಳಲು ಅವರಿಗೆ ಏನೂ ಇಲ್ಲ, ಅಂಥವರು ಕೇಳಲಿ.

ಹಾಗಂತ ಈ 4 ವರ್ಷವನ್ನು ಮರೆತುಬಿಡಬೇಡಿ. ನಿಮಗೆ ಅದು 2029ರ ಏಪ್ರಿಲ್ 5ರವರೆಗೆ ತೆರೆದಿರುತ್ತದೆ. ಈ ವಿನಾಯಿತಿ ಹೊರದೇಶದ ಆಸ್ತಿ ಮಾರಿದ ಲಾಭಕ್ಕೂ ಸಿಗುತ್ತದೆ, ನಿಮ್ಮಂಥವರಿಗೆ ಅದರ ನಿಜವಾದ ಉಪಯೋಗ ಅಲ್ಲೇ. ಮನೆಯನ್ನೋ, ನಿಮ್ಮ ಹೆಸರಿನ ಸೈಟನ್ನೋ ಮಾರುವ ಯೋಚನೆ ಮುಂದೆ ಬಂದರೆ ಇದನ್ನು ನೆನಪಿಟ್ಟುಕೊಳ್ಳಿ. ಬ್ರಿಟನ್ ಲಾಭವನ್ನು ನೀವು ಇಲ್ಲಿಗೆ ಬಂದ ದಿನದಿಂದ ಲೆಕ್ಕ ಹಾಕುವುದಿಲ್ಲ, ನೀವು ಕೊಂಡ ದಿನದಿಂದ ಹಾಕುತ್ತದೆ. ದರ 18% ಅಥವಾ 24%. ಭಾರತದಲ್ಲಿ ದೀರ್ಘಾವಧಿ ಲಾಭಕ್ಕೆ 12.5% ಕಟ್ಟಿದ್ದರೆ ಅದನ್ನು ಕಳೆದು ಮಿಕ್ಕದ್ದನ್ನು ಇಲ್ಲಿ ಕಟ್ಟಬೇಕು. ಲಾಭ ತುಂಬಾ ದೊಡ್ಡದಿದ್ದರೆ ಆ ಮಿಕ್ಕ ಮೊತ್ತ 2,514 ಪೌಂಡಿಗಿಂತ ಜಾಸ್ತಿ ಆಗಬಹುದು. ಹಾಗಿದ್ದರೆ ಮಾರುವ ಆ ಒಂದು ವರ್ಷ ಮಾತ್ರ ವಿನಾಯಿತಿ ಕೇಳಿ, ಉಳಿದ ವರ್ಷ ಬೇಡ. ಪ್ರತಿ ವರ್ಷಕ್ಕೂ ಬೇರೆ ಬೇರೆಯಾಗಿ ತೀರ್ಮಾನ ಮಾಡಬಹುದು. ಮಾರಲೇಬೇಕು ಎಂದು ನಾನು ಹೇಳುತ್ತಿಲ್ಲ. ಹೇಗೂ ಮಾರುವುದಿದ್ದರೆ 2029ರ ಮೇಗಿಂತ 2029ರ ಮಾರ್ಚ್ ಎಷ್ಟೋ ವಾಸಿ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಈ ಐದು ದಿನದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಾಡಿಗೆ ಲೆಕ್ಕವನ್ನು ಮಾರ್ಚ್ 31ಕ್ಕೆ ಮುಗಿಸಲು ಈಗ ಇಲ್ಲಿಯೂ ಅವಕಾಶ ಇದೆ. ಹಾಗಾಗಿ ಒಂದೇ ಪುಸ್ತಕ ಎರಡೂ ದೇಶಕ್ಕೆ ಸಾಕು. ವಿನಿಮಯ ದರಕ್ಕೆ ಇಲ್ಲಿನ ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ, ವರ್ಷದ ಸರಾಸರಿ ದರ ಪ್ರಕಟಿಸುತ್ತದೆ. ಅದನ್ನೇ ಬಳಸಿ. ಇಲ್ಲಿ ಲೆಕ್ಕ ಸುಲಭವಾಗಲಿ ಎಂದು ಪೌಂಡಿಗೆ 115 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ.

ಜುಲೈಯಿಂದ ಮಾರ್ಚ್‌ವರೆಗೆ 9 ತಿಂಗಳು. ತಿಂಗಳಿಗೆ 22,000ದಂತೆ 1,98,000 ರೂಪಾಯಿ. ಅಂದರೆ 1,722 ಪೌಂಡ್. ವರ್ಷದ ಒಟ್ಟು ಬಾಡಿಗೆ 1,000 ಪೌಂಡಿನ ಒಳಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ. ನಿಮ್ಮದು ದಾಟಿದೆ.

ಖರ್ಚಿಗೆ ಬರೋಣ. ನಮ್ಮ ಕಡೆ ಮನೆ ಬಾಡಿಗೆಗೆ ಕೈ ಎತ್ತಿ 30% ಕಡಿತ ಕೊಡುತ್ತಾರೆ, ರಸೀದಿ ಕೇಳುವುದಿಲ್ಲ. ಇಲ್ಲಿ ಹಾಗಿಲ್ಲ. ನಿಜವಾಗಿ ಆದ ಖರ್ಚು ತೋರಿಸಬೇಕು. ನಿಮ್ಮ ಪತ್ರದಲ್ಲಿ ಖರ್ಚಿನ ವಿವರ ಇಲ್ಲ. ಹಾಗಾಗಿ ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಖರ್ಚು ಹಾಕಿ ನೋಡೋಣ. ಪಾಲಿಕೆಗೆ ಕಟ್ಟಿದ ಕಂದಾಯದಲ್ಲಿ 9 ತಿಂಗಳ ಪಾಲು 6,000. ನೀರಿನ ಮೋಟರ್ ಸುಟ್ಟುಹೋಗಿ ಕಾಯಿಲ್ ಕಟ್ಟಿಸಿದ್ದು, ಪ್ಲಂಬರ್ ಕೂಲಿ ಸೇರಿ 9,500. ಬಾಡಿಗೆದಾರರನ್ನು ಹುಡುಕಿಕೊಟ್ಟ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 22,000. ಒಟ್ಟು 37,500 ರೂಪಾಯಿ, 326 ಪೌಂಡ್.

ಆ ಬ್ರೋಕರ್ ಫೀಸಿನ ಬಗ್ಗೆ ಒಂದು ಮಾತು. ಮೊದಲ ಸಲ ಬಾಡಿಗೆಗೆ ಕೊಡುವಾಗ ಕರಾರು ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯದ್ದಾದರೆ ಅದರ ಫೀಸನ್ನು ಎಚ್‌ಎಂಆರ್‌ಸಿ ಖರ್ಚು ಎಂದು ಒಪ್ಪುವುದಿಲ್ಲ. ವರ್ಷದೊಳಗಿನದ್ದಾದರೆ ಒಪ್ಪುತ್ತದೆ. ನಮ್ಮೂರಿನ ಅಗ್ರಿಮೆಂಟ್ ಎಷ್ಟು ತಿಂಗಳದ್ದು? 11. ರಿಜಿಸ್ಟ್ರೇಷನ್ ತಪ್ಪಲಿ ಎಂದು ನಾವು ಹಾಕಿಕೊಂಡು ಬಂದ ಆ 11 ತಿಂಗಳು ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಆ ಸ್ಟಾಂಪ್ ಪೇಪರಿನ ಸ್ಕ್ಯಾನ್ ಇಟ್ಟುಕೊಳ್ಳಿ.

ಇನ್ನು ಸಾಲ. ಇಎಂಐ ಪೂರ್ತಿ ಖರ್ಚಲ್ಲ, ಬಡ್ಡಿ ಮಾತ್ರ. ಆ ಬಡ್ಡಿಯನ್ನೂ ಬಾಡಿಗೆಯಿಂದ ನೇರ ಕಳೆಯುವ ಹಾಗಿಲ್ಲ. ವಾಸದ ಮನೆಗಳಿಗೆ ಬಡ್ಡಿಯ 20%ರಷ್ಟನ್ನು ಕೊನೆಯಲ್ಲಿ ಟ್ಯಾಕ್ಸ್‌ನಿಂದ ಕಳೆಯುತ್ತಾರೆ. 9 ತಿಂಗಳ ಬಡ್ಡಿ 1,20,000 ರೂಪಾಯಿ ಎಂದಿಟ್ಟುಕೊಳ್ಳಿ, 1,043 ಪೌಂಡ್.

ಈಗ ನಿಮ್ಮ ಮುಂದೆ ಎರಡು ದಾರಿ. ಒಂದು, ಖರ್ಚು, ಬಡ್ಡಿ ಎಲ್ಲ ಬಿಟ್ಟು ಸೀದಾ 1,000 ಪೌಂಡ್ ‘ಪ್ರಾಪರ್ಟಿ ಅಲೊವೆನ್ಸ್’ ಕಳೆಯುವುದು. ಉಳಿಯುವುದು 722, ಅದರ 20% ಅಂದರೆ 144 ಪೌಂಡ್ ಟ್ಯಾಕ್ಸ್. ಇನ್ನೊಂದು, ನಿಜವಾದ ಖರ್ಚು ತೋರಿಸುವುದು. 1,722ರಲ್ಲಿ 326 ಹೋದರೆ 1,396. ಅದರ 20%, 279. ಅದರಿಂದ ಬಡ್ಡಿಯ 20%, 209 ಕಳೆದರೆ ಉಳಿಯುವುದು 70 ಪೌಂಡ್. ಸಾಲ ಇರುವ ತನಕ ನಿಮಗೆ ಎರಡನೇ ದಾರಿಯೇ ಲಾಭ. ಸಾಲ ತೀರಿದ ಮೇಲೆ, ದೊಡ್ಡ ರಿಪೇರಿ ಇಲ್ಲದ ವರ್ಷ, ಮೊದಲನೆಯದು. ಎರಡನ್ನೂ ಬೆರೆಸುವ ಹಾಗಿಲ್ಲ. ಇದು ನಿಮ್ಮ ಸಂಬಳ 20% ದರದೊಳಗೆ ಇರುವುದರಿಂದ ಬಂದ ಲೆಕ್ಕ. ಸಂಬಳ, ಬಾಡಿಗೆ ಸೇರಿ 50,270 ಪೌಂಡ್ ದಾಟಿದರೆ ಆ ಮೇಲಿನ ಭಾಗಕ್ಕೆ 40% ಬೀಳುತ್ತದೆ, ಬಡ್ಡಿಗೆ ಸಿಗುವುದು ಮಾತ್ರ 20%ರಲ್ಲೇ ನಿಲ್ಲುತ್ತದೆ.

ಖರ್ಚಿಗೆ ಸೇರದ್ದನ್ನೂ ಹೇಳಿಬಿಡುತ್ತೇನೆ. ಮೇಲೆ ಇನ್ನೊಂದು ಮಹಡಿ ಕಟ್ಟಿಸಿದ್ದು ಬರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಮನೆಯನ್ನೂ ನೋಡಿಕೊಂಡು ಬಂದೆ ಎಂದು ವಿಮಾನದ ಟಿಕೆಟ್ ಹಾಕುವ ಹಾಗಿಲ್ಲ. ಬಾಡಿಗೆದಾರರಿಂದ ತೆಗೆದುಕೊಂಡ ಅಡ್ವಾನ್ಸ್ ವಾಪಸ್ ಕೊಡಬೇಕಾದ ದುಡ್ಡು, ಅದು ಆದಾಯವೂ ಅಲ್ಲ. ಆದರೆ ಅವರು ಬಿಟ್ಟು ಹೋಗುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳದ್ದು ಹಿಡಿದುಕೊಂಡರೆ ಅಷ್ಟು ಆದಾಯವಾಗುತ್ತದೆ. ಪೇಂಟಿಂಗ್ ಬಿಲ್ಲು ಖರ್ಚಾಗುತ್ತದೆ. ಅಡ್ವಾನ್ಸ್ ಹಣ ಎಫ್‌ಡಿಯಲ್ಲಿದ್ದರೆ ಅದರ ಬಡ್ಡಿಯೂ ಇಲ್ಲಿ ಆದಾಯ. ಅನಿವಾಸಿಗಳು ಹೊರಗೆ ದುಡಿದ ಹಣ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ ನಿಜ, ಇಲ್ಲಿ ಇದೆ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಭಾರತದ ಕಡೆ ನೋಡೋಣ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ಮನೆ ಇರುವ ದೇಶಕ್ಕೆ ಬಾಡಿಗೆಯ ಮೇಲೆ ಟ್ಯಾಕ್ಸ್ ಹಾಕುವ ಹಕ್ಕಿದೆ. ಭಾರತ ಹಾಕುತ್ತದೆ, ಆಮೇಲೆ ಬ್ರಿಟನ್ ತನ್ನ ಲೆಕ್ಕ ಹಾಕಿ, ಭಾರತದಲ್ಲಿ ಕಟ್ಟಿದ್ದನ್ನು ಅದರಲ್ಲಿ ಕಳೆಯುತ್ತದೆ. ‘ಎರಡು ಕಡೆ ಕಟ್ಟಿದರೆ’ ಎಂಬ ನಿಮ್ಮ ಆತಂಕಕ್ಕೆ ಉತ್ತರ ಇದು. ಎರಡು ಕಡೆ ತೋರಿಸಬೇಕು, ಎರಡು ಸಲ ಕಟ್ಟಬೇಕಾಗಿಲ್ಲ.

ಆದರೆ ಕಳೆಯುವುದು ನೀವು ಭಾರತದಲ್ಲಿ ಕೊನೆಗೆ ಕಟ್ಟಬೇಕಾಗಿ ಬಂದ ಟ್ಯಾಕ್ಸ್ ಎಷ್ಟೋ ಅಷ್ಟನ್ನೇ. ಟಿಡಿಎಸ್ ಹಿಡಿದ ಮೊತ್ತವನ್ನಲ್ಲ. ಇಲ್ಲಿ ತಪ್ಪುವವರು ಜಾಸ್ತಿ. ಅನಿವಾಸಿಗೆ ಬಾಡಿಗೆ ಕೊಡುವವರು 30%, ಅದರ ಮೇಲೆ 4% ಸೆಸ್, ಒಟ್ಟು 31.2% ಹಿಡಿಯಬೇಕು. 1961ರ ಕಾಯ್ದೆಯಲ್ಲಿ ಇದು 195ನೇ ಸೆಕ್ಷನ್. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸಂಖ್ಯೆಗಳು ಬದಲಾಗಿವೆ. ಭಾರತದ ನಿವಾಸಿಗಳೇ ಮಾಲೀಕರಾದರೆ ತಿಂಗಳಿಗೆ 50,000 ದಾಟುವ ತನಕ ಬಾಡಿಗೆದಾರರಿಗೆ ಈ ತಲೆನೋವಿಲ್ಲ. ಅನಿವಾಸಿಗೆ ಆ ಮಿತಿಯೇ ಇಲ್ಲ, ಮೊದಲ ರೂಪಾಯಿಯಿಂದಲೇ ಹಿಡಿಯಬೇಕು. ನಿಮ್ಮ 1,98,000ಕ್ಕೆ ಅದು 61,776 ರೂಪಾಯಿ. ಆದರೆ ನಿಮ್ಮ ನಿಜವಾದ ಟ್ಯಾಕ್ಸ್? ಭಾರತದ ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ. ಯಾವ ಕಡಿತವನ್ನೂ ತೆಗೆದುಕೊಳ್ಳದೆ ಪೂರ್ತಿ ಬಾಡಿಗೆ ಸೇರಿಸಿದರೂ, ನೀವು ಹೊರಡುವ ಮುಂಚಿನ ಒಂದು ತಿಂಗಳ ಸಂಬಳ ಸೇರಿಸಿದರೂ, ಆ ಗೆರೆ ದಾಟುವುದು ಕಷ್ಟ. ಅಂದರೆ ಸೊನ್ನೆ. ಹಿಡಿದ 61,776 ಪೂರ್ತಿ ವಾಪಸ್ ಬರಬೇಕು. ಅದಕ್ಕೆ ಭಾರತದಲ್ಲಿ ಐಟಿಆರ್-2 ಎಂಬ ರಿಟರ್ನ್ ಹಾಕಬೇಕು, 2026ರ ಜುಲೈ 31ರೊಳಗೆ. ಅನಿವಾಸಿಗೆ ಐಟಿಆರ್-1 ಬಳಸುವ ಹಾಗಿಲ್ಲ. ವಾಪಸ್ ಬರುವ ಹಣವನ್ನು ಬ್ರಿಟನ್ನಿನ ಟ್ಯಾಕ್ಸ್‌ನಲ್ಲಿ ಕಳೆಯಲು ಬರುವುದಿಲ್ಲ. ಅದಕ್ಕೇ ಮೇಲಿನ 70 ಪೌಂಡ್ ಹಾಗೇ ಉಳಿಯಿತು.

‘12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ’ ಎಂದು ಟಿವಿಯಲ್ಲಿ ಕೇಳಿದ್ದನ್ನು ನಂಬಿಕೊಂಡು ಕೂರಬೇಡಿ. ಅದು ರಿಬೇಟ್, ಅಂದರೆ ಲೆಕ್ಕಕ್ಕೆ ಬಂದ ಟ್ಯಾಕ್ಸ್‌ನಲ್ಲಿ ಬಿಡುವ ರಿಯಾಯಿತಿ, ಭಾರತದ ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ 4 ಲಕ್ಷದ ಮೇಲೆ ಸ್ಲ್ಯಾಬ್ ಶುರು.

ಬಾಡಿಗೆದಾರರ ಕಷ್ಟವನ್ನೂ ನೋಡಿ. ಟಿಡಿಎಸ್ ಹಿಡಿಯಲು ಅವರು ಟ್ಯಾನ್ ನಂಬರ್ ತೆಗೆಸಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ (ಹಳೇ ಕಾಯ್ದೆಯಲ್ಲಿ 27ಕ್ಯೂ) ಹಾಕಬೇಕು. 22,000ದ ಬಾಡಿಗೆ ಮನೆಗೆ ಬಂದ ಒಂದು ಸಣ್ಣ ಸಂಸಾರಕ್ಕೆ ಇದು ದೊಡ್ಡ ಹೊರೆ. ಹಿಡಿಯದಿದ್ದರೆ ಜವಾಬ್ದಾರಿ ಅವರ ತಲೆಗೆ ಬರುತ್ತದೆ, ನಿಮ್ಮ ತಲೆಗಲ್ಲ. ಮಾಲೀಕರು ಅನಿವಾಸಿ ಎನ್ನುವುದು ಎಷ್ಟೋ ಬಾಡಿಗೆದಾರರಿಗೆ ಗೊತ್ತೇ ಇರುವುದಿಲ್ಲ, ಅವರು ಮಾತಾಡುವುದು ಅಪ್ಪನ ಹತ್ತಿರ ಅಲ್ವಾ? ಅವರಿಗೆ ಹೇಳಿಬಿಡಿ. ಆದಾಯ ಕಡಿಮೆ ಇರುವುದರಿಂದ ಟಿಡಿಎಸ್ ಕಡಿಮೆ ಮಾಡಿಕೊಡಿ ಎಂದು ಆದಾಯ ತೆರಿಗೆ ಇಲಾಖೆಗೆ ನೀವು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಳೇ ಕಾಯ್ದೆಯಲ್ಲಿ 197ನೇ ಸೆಕ್ಷನ್, ಫಾರಂ 13. ಆ ಸರ್ಟಿಫಿಕೇಟ್ ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಬೇಕು. ಊರಿನಲ್ಲಿ ಒಬ್ಬ ಆಡಿಟರ್ ಹಿಡಿದು ಮಾಡಿಸಿ. ಬಾಡಿಗೆದಾರರ ಟ್ಯಾನ್, ರಿಟರ್ನ್ ಕೆಲಸವನ್ನೂ ಅವರಿಂದಲೇ ಮಾಡಿಸಿ ಫೀಸು ನೀವೇ ಕೊಟ್ಟರೆ ಒಳ್ಳೆಯ ಬಾಡಿಗೆದಾರರು ಉಳಿಯುತ್ತಾರೆ.

ಇಲ್ಲಿನ ತಾರೀಖುಗಳು. 2025-26ರ ವರ್ಷಕ್ಕೆ 2026ರ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ, ಅಂದರೆ ನಾವೇ ರಿಟರ್ನ್ ಹಾಕುವ ಪದ್ಧತಿಗೆ, ಹೆಸರು ನೋಂದಾಯಿಸಿ. ಯುಟಿಆರ್ ಎಂಬ 10 ಅಂಕಿಯ ನಂಬರ್ ಬರುತ್ತದೆ. 2027ರ ಜನವರಿ 31ರೊಳಗೆ ರಿಟರ್ನ್ ಹಾಕಿ, ಹಣವನ್ನೂ ಕಟ್ಟಬೇಕು. ಒಂದು ದಿನ ತಡವಾದರೂ 100 ಪೌಂಡ್ ದಂಡ, ಅಂದರೆ ನಿಮ್ಮ ಟ್ಯಾಕ್ಸ್‌ಗಿಂತ ಜಾಸ್ತಿ. ಬಾಡಿಗೆಯನ್ನು ಬರೆಯುವುದು ಎಸ್‌ಎ 106 ಎಂಬ ಹೊರದೇಶದ ಆದಾಯದ ಪುಟಗಳಲ್ಲಿ.

ನಿಮ್ಮ ಮೊದಲ ವರ್ಷಕ್ಕೆ ಮಾತ್ರ ಇನ್ನೊಂದು ವಿಷಯ ಇದೆ. ನೀವು ವರ್ಷದ ನಡುವೆ ಬಂದವರು. ಬರುವ ಮುಂಚಿನ ಮೈಸೂರಿನ ಸಂಬಳಕ್ಕೆ ಇಲ್ಲಿ ಟ್ಯಾಕ್ಸ್ ಬೀಳಬಾರದು ಎಂದರೆ ‘ಸ್ಪ್ಲಿಟ್ ಇಯರ್’, ಅಂದರೆ ಬರುವ ಮುಂಚೆ, ಬಂದ ಮೇಲೆ ಎಂದು ಎರಡು ಭಾಗವಾದ ವರ್ಷ, ಎಂದು ಎಸ್‌ಎ 109 ಎಂಬ ನಿವಾಸದ ವಿವರದ ಪುಟದಲ್ಲಿ ತೋರಿಸಬೇಕು. ಎಚ್‌ಎಂಆರ್‌ಸಿಯ ಉಚಿತ ಆನ್‌ಲೈನ್ ರಿಟರ್ನ್‌ನಲ್ಲಿ ಆ ಪುಟವೇ ಇಲ್ಲ. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು, ಇಲ್ಲವೇ ಕಾಗದದಲ್ಲಿ ಕಳಿಸಬೇಕು. ಕಾಗದಕ್ಕೆ ಕೊನೆ ದಿನ ಅಕ್ಟೋಬರ್ 31, ಮೂರು ತಿಂಗಳು ಮೊದಲೇ. ಜನವರಿ ಕೊನೆ ವಾರದಲ್ಲಿ ಕೂತವರಿಗೆ ಇದು ಗೊತ್ತಾಗಿ ಗಾಬರಿಯಾಗುತ್ತದೆ. ಆನ್‌ಲೈನ್‌ನಲ್ಲಿ ಡಿಸೆಂಬರ್ 30ರೊಳಗೆ ಹಾಕಿದರೆ ಆ 70 ಪೌಂಡನ್ನು ಮುಂದಿನ ವರ್ಷದ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿಯುವಂತೆಯೂ ಕೇಳಬಹುದು.

ಹೇಳದಿದ್ದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭಾರತದ ಬ್ಯಾಂಕುಗಳಲ್ಲಿ ಬ್ರಿಟನ್ ನಿವಾಸಿಗಳು ಇಟ್ಟಿರುವ ಖಾತೆಗಳ ವಿವರ ಪ್ರತಿ ವರ್ಷ ಎಚ್‌ಎಂಆರ್‌ಸಿಗೆ ತಾನಾಗಿ ಹೋಗುತ್ತದೆ. ಅದನ್ನು ನೋಡಿಯೇ ‘ನಿಮಗೆ ಹೊರದೇಶದ ಆದಾಯ ಇದೆಯೇ’ ಎಂಬ ಕಾಗದ ಮನೆಗೆ ಬರುತ್ತದೆ. ಹೊರದೇಶದ ಆದಾಯದಲ್ಲಿ ಬೇಕೆಂದೇ ಅಲ್ಲದೆ ಆದ ತಪ್ಪಿಗೂ 12 ವರ್ಷ ಹಿಂದಕ್ಕೆ ಹೋಗಿ ಕೇಳಬಹುದು. ಹಳೇ ವರ್ಷಗಳ ಬಾಡಿಗೆ ಬಿಟ್ಟುಹೋದವರು ನಿಮ್ಮ ಪರಿಚಯದಲ್ಲಿದ್ದರೆ, ಆ ಕಾಗದ ಬರುವ ಮುಂಚೆಯೇ ‘ವರ್ಲ್ಡ್‌ವೈಡ್ ಡಿಸ್‌ಕ್ಲೋಶರ್ ಫೆಸಿಲಿಟಿ’ ಮೂಲಕ ತಾವಾಗಿ ಹೇಳಿಕೊಳ್ಳಲಿ. ತಾವಾಗಿ ಬಂದವರಿಗೆ ದಂಡ ಎಷ್ಟೋ ಕಡಿಮೆ. ಕಾಗದ ಬಂದ ಮೇಲೆ ನಿದ್ದೆ ಇಲ್ಲದೆ ಫೋನ್ ಮಾಡುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೆಚ್ಚಿನವರು ಕದಿಯಲು ಹೊರಟವರಲ್ಲ, ಯಾರೋ ಹೇಳಿದ್ದನ್ನು ನಂಬಿದವರು.

ಮುಂದಿನ ಸಲ ಅಪ್ಪನಿಗೆ ಫೋನ್ ಮಾಡಿದಾಗ ನಾಲ್ಕು ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ: 11 ತಿಂಗಳ ಅಗ್ರಿಮೆಂಟ್, ಕಂದಾಯದ ರಸೀದಿ, ಬ್ರೋಕರ್‌ಗೆ ಕೊಟ್ಟ ದುಡ್ಡಿನ ಚೀಟಿ, ಮೋಟರ್ ರಿಪೇರಿ ಅಂಥದ್ದೇನಾದರೂ ಆಗಿದ್ದರೆ ಅದರ ಬಿಲ್ಲು. ಬಿಲ್ಲು ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಒಂದು ಚೀಟಿಯಲ್ಲಿ ತಾರೀಖು, ಮೊತ್ತ ಬರೆಸಿ ಸಹಿ ಹಾಕಿಸಿಕೊಳ್ಳಲಿ. ಸಾಲದ ಬಡ್ಡಿ ಸರ್ಟಿಫಿಕೇಟನ್ನು ಬ್ಯಾಂಕಿನ ವೆಬ್‌ಸೈಟಿನಿಂದ ನೀವೇ ಇಳಿಸಿಕೊಳ್ಳಿ. ಅದರಲ್ಲಿ ಅಸಲು, ಬಡ್ಡಿ ಬೇರೆ ಬೇರೆ ಕಾಲಂನಲ್ಲಿರುತ್ತದೆ. ಜುಲೈಯಿಂದ ಮಾರ್ಚ್‌ವರೆಗಿನ ಬಡ್ಡಿಯ ಕಾಲಂ ಮಾತ್ರ ಕೂಡಿ, ನಾನು ಮೇಲೆ ಹಾಕಿದ 1,20,000ದ ಜಾಗದಲ್ಲಿ ಆ ಮೊತ್ತ ಇಟ್ಟು ಲೆಕ್ಕ ಮತ್ತೊಮ್ಮೆ ಮಾಡಿ ನೋಡಿ.